ಪದಕ ಹೇಳಿದ್ದು, ಪದಕ ಹೇಳದೆ ಉಳಿಸಿದ್ದು

ಹಳೆಯ ಮನೆತನಗಳಲ್ಲಿ ವರ್ಷಗಟ್ಟಲೆ ತೆರೆಯದೆ ಉಳಿದ ಪೆಟ್ಟಿಗೆ ಒಂದಾದರೂ ಇದ್ದೇ ಇರುತ್ತದೆ. ಅದರೊಳಗೆ ತೀರಿಹೋದ ಸಾಲದ ಪತ್ರ, ಬಣ್ಣಗೆಟ್ಟ ಭಾವಚಿತ್ರ, ಮುಚ್ಚಳ ಸಡಿಲವಾದ ಬೆಳ್ಳಿಯ ಕರಡಿಗೆ, ಯಾವ ಬೀಗಕ್ಕೂ ಹೊಂದದ ಬೀಗದಕೈ ಮುಂತಾದವು ಸಿಗುತ್ತವೆ. ಹಿರಿಯರು ಇರುವವರೆಗೆ ಆ ವಸ್ತುಗಳಿಗೆ ಒಂದೊಂದು ಕಥೆಯಿರುತ್ತದೆ. ಹಿರಿಯರು ಲಿಂಗೈಕ್ಯರಾದ ಮೇಲೆ ವಸ್ತು ಉಳಿಯುತ್ತದೆ, ಕಥೆ ಸವೆಯುತ್ತದೆ. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ವಸ್ತು ಒಂದು ಕಡೆ, ಕಥೆ ಇನ್ನೊಂದು ಕಡೆ ಆಗಿರುತ್ತದೆ. ಇವೆರಡನ್ನೂ ಮತ್ತೆ ಒಂದೆಡೆ ಕೂಡಿಸುವ ಕೆಲಸ ಸುಲಭದ್ದಲ್ಲ. ಆದರೆ ಅದು ಮಾಡತಕ್ಕ ಕೆಲಸವೇ ಹೌದೆಂಬುದನ್ನು ಈ ಸಲ ಒಂದು ಮನೆಯ ಉದಾಹರಣೆಯಿಂದ ಹೇಳಬಯಸುತ್ತೇನೆ.

ಕಳೆದ ಶ್ರಾವಣದಲ್ಲಿ ಧಾರವಾಡದ ಕಡೆಯ ಹಳ್ಳಿಯೊಂದರಿಂದ ಇಬ್ಬರು ಅಣ್ಣತಮ್ಮಂದಿರು ನನ್ನಲ್ಲಿಗೆ ಬಂದರು. ಕೈಯಲ್ಲಿ ಹಳೆಯ ಬಿಸ್ಕೀಟು ಡಬ್ಬಿಯೊಂದಿತ್ತು. ಅದರಲ್ಲಿ ಅರಿವೆಯಲ್ಲಿ ಸುತ್ತಿದ ಮೂರು ಪದಕಗಳಿದ್ದವು. ಎರಡು ಆರು ಮೂಲೆಯ ನಕ್ಷತ್ರಗಳು, ಒಂದು ದುಂಡನೆಯ ಬಿಲ್ಲೆ. ಅವು ಅವರ ಅಜ್ಜನವು. ಅಜ್ಜ ತೀರಿಕೊಂಡು ಮೂವತ್ತು ವರ್ಷಕ್ಕೂ ಮೇಲಾಗಿದೆ.

“ಗುರುಗಳೆ, ನೀವು ಶಾಸನ, ಓಲಿಗರಿ ಓದಿದವರು. ಇದನ್ನೂ ಒಂದೀಟು ಓದಿ ಹೇಳ್ರಿ” ಎಂದು ತಮ್ಮ ಡಬ್ಬಿಯನ್ನು ಮುಂದಿಟ್ಟ. ಅಣ್ಣ ಸುಮ್ಮನೆ ಕುಳಿತಿದ್ದ. ಅವನ ಮುಖದಲ್ಲಿ ಉತ್ಸಾಹಕ್ಕಿಂತ ಅಳುಕೇ ಹೆಚ್ಚಾಗಿತ್ತು.

ಮಾತಾಡುತ್ತ ವಿಷಯ ಹೊರಬಿದ್ದಿತು. ಊರಿನ ಶಾಲೆಗೆ ಹೊಸ ಕಮಾನು ಕಟ್ಟಲು ಈ ಮನೆಯವರು ಹಣ ಕೊಟ್ಟಿದ್ದರು. ಕಮಾನಿಗೆ ಅಜ್ಜನ ಹೆಸರಿಡಬೇಕು, ಅದರ ಕೆಳಗೆ ‘ಜಪಾನಿ ಯುದ್ಧನೌಕೆಯನ್ನು ಮುಳುಗಿಸಿದ ವೀರ’ ಎಂದು ಕಲ್ಲಿನಲ್ಲಿ ಕೊರೆಸಬೇಕು ಎಂಬುದು ತಮ್ಮನ ಆಸೆ. ಅಣ್ಣನಿಗೆ ಅದು ಬೇಡ. ಅಜ್ಜ 1946ರಲ್ಲಿ ನೌಕಾದಳದಿಂದ ಬರಿಗೈಯಲ್ಲಿ ಮನೆಗೆ ಬಂದರೆಂದೂ, ಏಕೆ ಬಂದರೆಂದು ಕೊನೆಯವರೆಗೂ ಬಾಯಿಬಿಡಲಿಲ್ಲವೆಂದೂ ಅವನು ಬಲ್ಲ. “ಏನರೆ ಕಳಂಕ ಇದ್ದರ, ಕಲ್ಲು ಹಾಕಿ ಊರಿಗೆಲ್ಲಾ ನಾವೇ ತೋರಿಸಿದಂಗ ಆಗತೈತ್ರಿ” ಎಂದ. ಹೀಗೆ ಒಬ್ಬನಿಗೆ ಅಜ್ಜ ವೀರ, ಇನ್ನೊಬ್ಬನಿಗೆ ಅಜ್ಜ ಒಂದು ಸಂದೇಹ. ಆ ಇಬ್ಬರ ನಡುವೆ ಮೂರು ಪದಕಗಳು ಮಾತಿಲ್ಲದೆ ಬಿದ್ದಿದ್ದವು.

ಅವುಗಳ ಬೆಲೆಯನ್ನು ಮನೆಯವರು ಮೊದಲು ಕೇಳಿದ್ದು ಪತ್ತಾರರನ್ನು. ಅವರು ಒರೆಹಚ್ಚಿ ನೋಡಿ ಬೆಳ್ಳಿಯಲ್ಲವೆಂದು ಮರಳಿ ಕೊಟ್ಟರಂತೆ. ಅದೊಂದು ಪುಣ್ಯವೆನ್ನಬೇಕು. 1914ರಿಂದ 1918ರವರೆಗಿನ ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧಪದಕ ಬೆಳ್ಳಿಯದು. ಆ ಕಾರಣಕ್ಕಾಗಿಯೇ ಅಂಥ ಎಷ್ಟೋ ಪದಕಗಳು ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಕುಲುಮೆಗೆ ಹೋದವು. ಎರಡನೆಯ ಮಹಾಯುದ್ಧದ ನಕ್ಷತ್ರಗಳಾದರೋ ತಾಮ್ರದ ಹಳದಿ ಮಿಶ್ರಲೋಹದವು, ದುಂಡು ಪದಕ ತಾಮ್ರ ಮತ್ತು ನಿಕ್ಕಲ್ ಬೆರೆತದ್ದು. ಕರಗಿಸಿದರೆ ಏನೂ ಸಿಗದೆಂಬ ಕಾರಣಕ್ಕೇ ಅವು ಉಳಿದುಕೊಂಡವು.

ಶಾಸನವನ್ನು ಓದುವವನು ಮೊದಲು ಕಲ್ಲನ್ನು ನೋಡುತ್ತಾನೆ, ಆಮೇಲೆ ಅಕ್ಷರವನ್ನು. ಅದೇ ಕ್ರಮದಲ್ಲಿ ನಾನೂ ನೋಡತೊಡಗಿದೆ. ದುಂಡು ಪದಕದ ಒಂದು ಮುಖದಲ್ಲಿ ಆರನೆಯ ಜಾರ್ಜ್ ದೊರೆಯ ಕಿರೀಟಧಾರಿ ತಲೆ. ಇನ್ನೊಂದು ಮುಖದಲ್ಲಿ ಎರಡು ತಲೆಯ ಡ್ರ್ಯಾಗನ್ನನ್ನು ಮೆಟ್ಟಿ ನಿಂತ ಸಿಂಹ. ಇದು 1939–45ರ ಯುದ್ಧಪದಕ. ಆ ಯುದ್ಧಕಾಲದಲ್ಲಿ 28 ದಿನ ಸೇವೆಯಲ್ಲಿದ್ದವರಿಗೆ ಇದು ದೊರೆಯುತ್ತಿತ್ತು. ಆದ್ದರಿಂದ ಇದು ಹೇಳುವುದು ಸ್ವಲ್ಪವೇ: ಈ ಮನುಷ್ಯ ಯುದ್ಧಕಾಲದಲ್ಲಿ ದಳದಲ್ಲಿದ್ದ ಎಂಬಷ್ಟು ಮಾತ್ರ.

ನಕ್ಷತ್ರಗಳು ಇನ್ನೂ ಹೆಚ್ಚು ಹೇಳುತ್ತವೆ. ಒಂದರ ನಡುವಿನ ವೃತ್ತದಲ್ಲಿ ‘1939–45 ನಕ್ಷತ್ರ’ ಎಂಬ ಬರಹ. ಅದರ ಪಟ್ಟಿಯಲ್ಲಿ ಕಡುನೀಲಿ, ಕೆಂಪು, ತಿಳಿನೀಲಿ ಎಂಬ ಮೂರು ಸಮಪಾಲು. ಅವು ಕ್ರಮವಾಗಿ ನೌಕಾದಳ, ಭೂಸೇನೆ, ವಾಯುದಳಗಳ ಬಣ್ಣಗಳು. ನಾವಿಕನಿಗೆ ಈ ನಕ್ಷತ್ರ ಸಿಗಬೇಕಾದರೆ ಸಾಮಾನ್ಯವಾಗಿ ಆರು ತಿಂಗಳು ಸಮರಕ್ಷೇತ್ರದ ಕಡಲಿನಲ್ಲಿ ಸೇವೆ ಆಗಿರಬೇಕಿತ್ತು. ಇನ್ನೊಂದು ಬರ್ಮಾ ನಕ್ಷತ್ರ. ನಡುವೆ ಅಗಲವಾದ ಕೆಂಪು, ಎರಡೂ ಬದಿಗೆ ಕಡುನೀಲಿ, ಆ ನೀಲಿಯ ನಡುವೆ ಕಿತ್ತಳೆಯ ಗೆರೆ. ಇದು 11 ಡಿಸೆಂಬರ್ 1941ರಿಂದ 2 ಸೆಪ್ಟೆಂಬರ್ 1945ರವರೆಗಿನ ಬರ್ಮಾ ಸಮರಕ್ಕೆ ಸಂಬಂಧಿಸಿದ್ದು. ನೌಕಾದಳದವರ ಮಟ್ಟಿಗೆ ಬಂಗಾಳಕೊಲ್ಲಿಯ ಸಮರಜಲದಲ್ಲಿ ಹಡಗಿನ ಮೇಲಿದ್ದವರಿಗೆ ಇದು ಸಲ್ಲುತ್ತಿತ್ತು.

ಇಲ್ಲಿಯೇ ಅಣ್ಣನ ಒಂದು ಸಂದೇಹ ಬಿಚ್ಚಿಕೊಂಡಿತು. “ಅಜ್ಜ ಮುಂಬೈ ದಂಡೆಯ ಮ್ಯಾಲಿನ ಛಾವಣಿಯೊಳಗ ಇದ್ದು ಬಂದ್ರೇನೋ, ಹಡಗು ಹತ್ತಿದ್ರೋ ಇಲ್ಲೋ” ಎಂದು ಅವನು ಕೇಳಿದ್ದ. ಹಡಗು ಹತ್ತದವನಿಗೆ ಈ ಎರಡು ನಕ್ಷತ್ರಗಳು ಬರುವಂತಿರಲಿಲ್ಲ. ದಂಡೆಯ ಮೇಲೆಯೇ ಉಳಿದು ಮೂರು ವರ್ಷ ಸೇವೆ ಸಲ್ಲಿಸಿದವರಿಗೆ 1946ರಲ್ಲಿ ‘ಇಂಡಿಯಾ ಸರ್ವಿಸ್ ಮೆಡಲ್’ ಎಂಬ ಬೇರೊಂದು ಪದಕ ಸ್ಥಾಪಿತವಾಯಿತು. ಅದರ ಹಿಂಬದಿಯಲ್ಲಿ ಭಾರತದ ನಕಾಶೆಯಿದೆ. ಅದು ಈ ಡಬ್ಬಿಯಲ್ಲಿರಲಿಲ್ಲ. ಹೀಗೆ ಇರುವ ಪದಕವೂ ಸಾಕ್ಷಿ, ಇಲ್ಲದ ಪದಕವೂ ಒಂದು ಬಗೆಯ ಸಾಕ್ಷಿ.

ಇನ್ನು ಅಕ್ಷರ. ದುಂಡು ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು. ನಕ್ಷತ್ರಗಳ ಹಿಂಬದಿಯಲ್ಲೂ ಅವೇ ಅಕ್ಷರಗಳು. ಮೊದಲು ಒಂದು ಸಂಖ್ಯೆ, ಆಮೇಲೆ ಹುದ್ದೆಯ ಸಂಕ್ಷೇಪ, ಅಜ್ಜನ ಹೆಸರು, ಕೊನೆಗೆ ಆರ್.ಐ.ಎನ್. ಎಂದರೆ ರಾಯಲ್ ಇಂಡಿಯನ್ ನೇವಿ. ಮನೆಯವರು ಇಷ್ಟು ವರ್ಷ ಆ ಸಂಖ್ಯೆಯನ್ನು ಟಂಕಸಾಲೆಯ ಗುರುತೆಂದು ತಿಳಿದಿದ್ದರು. ಅದು ಅಜ್ಜನ ಸೇವಾಸಂಖ್ಯೆ. ಇಡೀ ಪೆಟ್ಟಿಗೆಗೆ ಬೀಗದಕೈ ಅದೇ.

ಈ ವಿಷಯದಲ್ಲಿ ಭಾರತದ ಮನೆಗಳು ಭಾಗ್ಯಶಾಲಿಗಳು. ಎರಡನೆಯ ಮಹಾಯುದ್ಧದ ನಕ್ಷತ್ರಗಳನ್ನು ಬ್ರಿಟನ್ನಿನಲ್ಲಿ ಅಲ್ಲಿಯ ಸೈನಿಕರಿಗೆ ಕೊಟ್ಟಾಗ ಹೆಸರು ಕೊರೆಯಲಿಲ್ಲ. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಗಳಲ್ಲಿ ಕೊಟ್ಟವುಗಳ ಮೇಲೆ ಹೆಸರು ಕೊರೆದರು. ಲಂಡನ್ನಿನ ಮೊಮ್ಮಗನಿಗೆ ಸಿಕ್ಕ ಬರ್ಮಾ ನಕ್ಷತ್ರದ ಬೆನ್ನು ಬರಿದು. ಧಾರವಾಡದ ಮೊಮ್ಮಗನಿಗೆ ಸಿಕ್ಕದ್ದರ ಬೆನ್ನ ಮೇಲೆ ಅಜ್ಜನ ಹೆಸರು.

ಹುದ್ದೆಯ ಸಂಕ್ಷೇಪವನ್ನು ಬಿಡಿಸಿದಾಗ ‘ಸ್ಟೋಕರ್’ ಎಂದಾಯಿತು. ಹಡಗಿನ ಬಾಯ್ಲರ್‌ಗಳನ್ನು ನೋಡಿಕೊಳ್ಳುವವನು. ತಮ್ಮನ ಮುಖ ಸ್ವಲ್ಪ ಬಾಡಿತು. “ತೋಪು ಹಾರಿಸವ್ರು ಅಲ್ಲೇನ್ರಿ?” ಎಂದ. ಸ್ಟೋಕರ್ ಎಂದರೆ ಮೊದಲಿಗೆ ಕಲ್ಲಿದ್ದಲು ತುಂಬುವವನು ಎಂದೇ ಅರ್ಥ. ಆ ಯುದ್ಧದ ಕಾಲಕ್ಕೆ ಹೊಸ ಹಡಗುಗಳ ಬಾಯ್ಲರ್‌ಗಳು ಎಣ್ಣೆಯಿಂದ ಉರಿಯುತ್ತಿದ್ದವು, ಹೆಸರು ಮಾತ್ರ ಹಳೆಯದೇ ಉಳಿಯಿತು. ನೀರಿನ ಮಟ್ಟಕ್ಕಿಂತ ಕೆಳಗೆ, ಕಬ್ಬಿಣದ ಗೋಡೆಗಳ ನಡುವೆ, ಕಾದ ಉಗಿಯ ಕೊಳವೆಗಳ ಬಳಿ ಅವನು ಪಾಳಿಯ ಮೇಲೆ ನಿಲ್ಲಬೇಕು. ಮೇಲೆ ತೋಪು ಹಾರಿದರೆ ಶಬ್ದ ಕೇಳುತ್ತದೆ, ಏನಾಯಿತೆಂದು ಕಾಣುವುದಿಲ್ಲ. ಹಡಗಿಗೆ ಏಟು ಬಿದ್ದರೆ ಮೊದಲು ನೀರು ನುಗ್ಗುವುದು ಅಲ್ಲಿಗೆ. ತೋಪಿನವನು ಶತ್ರುವನ್ನು ನೋಡಿ ಧೈರ್ಯ ತಂದುಕೊಳ್ಳಬಹುದು. ಸ್ಟೋಕರನು ಏನನ್ನೂ ನೋಡದೆಯೇ ಧೈರ್ಯ ತಂದುಕೊಳ್ಳಬೇಕು. ಇದನ್ನು ಹೇಳಿದಾಗ ತಮ್ಮ ಬಹಳ ಹೊತ್ತು ಆ ಅಂಚಿನ ಅಕ್ಷರಗಳನ್ನೇ ನೋಡುತ್ತಿದ್ದ.

ಇನ್ನು ಜಪಾನಿ ಹಡಗಿನ ಕಥೆ. ಅದು ಹೇಗೆ ಹುಟ್ಟಿತೆಂದು ಕೇಳಿದೆ. ಅವರ ಅಜ್ಜಿ ಯಾವಾಗಲೂ “ಅವರು ಬಂಗಾಳದಾಗ ಇದ್ರು” ಎನ್ನುತ್ತಿದ್ದರಂತೆ. ತಮ್ಮ ಮುಂದೆ ಓದಿಕೊಂಡು, ‘ಬೆಂಗಾಲ್’ ಎಂಬ ಹೆಸರಿನ ಹಡಗೊಂದು ಇತ್ತೆಂದು ತಿಳಿದುಕೊಂಡ. ಆ ಹಡಗಿನ ಸಾಹಸ ನಿಜವಾದದ್ದು. 11 ನವೆಂಬರ್ 1942ರಂದು ಹಿಂದೂ ಮಹಾಸಾಗರದಲ್ಲಿ, ಕೋಕೋಸ್ ದ್ವೀಪಗಳಿಗೆ ನೈಋತ್ಯದಲ್ಲಿ, ‘ಬೆಂಗಾಲ್’ ಎಂಬ ಚಿಕ್ಕ ಹಡಗು ‘ಒಂಡಿನಾ’ ಎಂಬ ಡಚ್ ತೈಲನೌಕೆಗೆ ಬೆಂಗಾವಲಾಗಿ ಹೋಗುತ್ತಿದ್ದಾಗ, ತನಗಿಂತ ಎಷ್ಟೋ ಪಾಲು ದೊಡ್ಡದಾದ ಜಪಾನಿನ ಎರಡು ಶಸ್ತ್ರಸಜ್ಜಿತ ಹಡಗುಗಳು ಎದುರಾದವು. ‘ಬೆಂಗಾಲ್’ ಓಡದೆ ಎದುರಿಸಿತು. ‘ಹೊಕೊಕು ಮಾರು’ ಎಂಬುದು ಮುಳುಗಿತು. ‘ಬೆಂಗಾಲ್’ ಮತ್ತು ‘ಒಂಡಿನಾ’ ಎರಡೂ ಉಳಿದು ಬಂದವು. ಇಂಥ ಕಥೆಯನ್ನು ಓದಿದ ಮೊಮ್ಮಗನು ಅಜ್ಜಿಯ ‘ಬಂಗಾಳ’ವನ್ನು ಈ ‘ಬೆಂಗಾಲ್’ ಎಂದು ತಿಳಿದದ್ದರಲ್ಲಿ ಅಚ್ಚರಿಯಿಲ್ಲ. ಅದು ಪ್ರೀತಿ ಮಾಡಿದ ತಪ್ಪು.

ಆದರೆ ಓಲೆಗರಿಯ ಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಇಂಥ ತಪ್ಪು ಚಿರಪರಿಚಿತ. ಅರ್ಥವಾಗದ ಪದವನ್ನು ಪ್ರತಿಕಾರನು ತನಗೆ ಗೊತ್ತಿರುವ ಪದವನ್ನಾಗಿ ತಿದ್ದುತ್ತಾನೆ. ಮುಂದಿನವನು ಆ ತಿದ್ದಿದ್ದನ್ನೇ ಮೂಲವೆಂದು ನಕಲು ಮಾಡುತ್ತಾನೆ. ಪದಕದ ಮೇಲೆ ಹಡಗಿನ ಹೆಸರು ಇರುವುದಿಲ್ಲ. ಅಷ್ಟೇ ಅಲ್ಲದೆ, ‘ಬೆಂಗಾಲ್’ ಕಾದಾಡಿದ ಜಾಗ ಬಂಗಾಳಕೊಲ್ಲಿಯಿಂದ ಬಹುದೂರ ದಕ್ಷಿಣಕ್ಕಿದೆ. ಬರ್ಮಾ ನಕ್ಷತ್ರವನ್ನು ಆ ಕಾಳಗಕ್ಕೆ ಸಾಕ್ಷಿಯಾಗಿ ತೋರಿಸಲಾಗದು. ಅಜ್ಜಿಯ ಮಾತಿಗೆ ಬಂಗಾಳಕೊಲ್ಲಿ ಎಂಬ ನೇರವಾದ ಅರ್ಥವೇ ಇರುವಾಗ ಹಡಗನ್ನು ಹುಡುಕಿಕೊಂಡು ಹೋಗುವುದು ಏಕೆ? “ಕಾಗದ ಬರೂತನಕ ಕಲ್ಲು ಕೊರೆಸಬೇಡ್ರಿ” ಎಂದಷ್ಟೇ ಹೇಳಿದೆ. ಬಾಯಲ್ಲಿ ಆಡಿದ ತಪ್ಪು ಒಂದು ತಲೆಮಾರಿಗೆ ಮರೆತುಹೋಗುತ್ತದೆ. ಕಲ್ಲಿನಲ್ಲಿ ಕೊರೆದ ತಪ್ಪನ್ನು ಮುಂದೆ ಯಾರೋ ಸಂಶೋಧಕ ನಿಜವೆಂದೇ ಓದುತ್ತಾನೆ.

ಪದಕವನ್ನು ಪೂರ್ತಿಯಾಗಿ ನಂಬಬಾರದು, ಪೂರ್ತಿಯಾಗಿ ತಳ್ಳಿಹಾಕಲೂಬಾರದು ಎಂಬುದಕ್ಕೆ ಬ್ರಿಟನ್ನಿನದೇ ಒಂದು ಹಳೆಯ ನಿದರ್ಶನವಿದೆ. 1847ರಲ್ಲಿ ಅಲ್ಲಿಯ ಸರ್ಕಾರ 1793ರಿಂದ 1840ರವರೆಗಿನ ನೌಕಾಸಮರಗಳಿಗಾಗಿ ಒಂದು ಪದಕವನ್ನು ಸಾರಿತು. ಬದುಕಿರುವವರು ತಾವಾಗಿಯೇ ಅರ್ಜಿ ಹಾಕಿ ಪಡೆಯಬೇಕಿತ್ತು. 1805ರ ಟ್ರಫಾಲ್ಗರ್ ಕಾಳಗದಲ್ಲಿದ್ದವರಲ್ಲಿ ಬಹುಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಓದುಬರಹ ಬಾರದ ಎಷ್ಟೋ ನಾವಿಕರಿಗೆ ಸುದ್ದಿಯೇ ಮುಟ್ಟಲಿಲ್ಲ. ಕೊಟ್ಟ ಪದಕಗಳು ಸುಮಾರು 21,000. 1827ರ ನವಾರಿನೋ ಕಾಳಗವೂ ಆ ಪದಕದ ಪಟ್ಟಿಯಲ್ಲಿದೆ. ಆ ಕಾಳಗದಲ್ಲಿ ಬ್ರಿಟಿಷ್ ಸೇನಾಪತಿ ನಿಂತಿದ್ದ ‘ಏಷಿಯಾ’ ಎಂಬ ಹಡಗು ನಮ್ಮ ಮುಂಬೈಯ ಹಡಗುಕಟ್ಟೆಯಲ್ಲಿ 1824ರಲ್ಲಿ ತೇಗದ ಮರದಿಂದ ಕಟ್ಟಿದ್ದು. ಅದನ್ನು ಕಟ್ಟಿದ ಬಡಿಗರಿಗೆ ಯಾರೂ ಪದಕ ಕೊಡಲಿಲ್ಲ. ಇನ್ನೂ ಒಂದು ವಿಚಿತ್ರ ಕೇಳಿರಿ. ಹಡಗುಗಳಲ್ಲಿದ್ದು ಕಾಳಗದ ಹೊತ್ತಿನಲ್ಲಿ ಗಾಯಾಳುಗಳ ಆರೈಕೆ ಮಾಡಿದ ಹೆಂಗಸರೂ ಅರ್ಜಿ ಹಾಕಿದರು. ಅವರನ್ನು ನಿರಾಕರಿಸಲಾಯಿತು. ಆದರೆ 1794ರ ಜೂನ್ 1ರ ಕಾಳಗದಲ್ಲಿ ‘ಟ್ರಿಮೆಂಡಸ್’ ಎಂಬ ಹಡಗಿನ ಮೇಲೆ ಹುಟ್ಟಿದ ಗಂಡುಮಗುವೊಂದಕ್ಕೆ, ಅದು ಬೆಳೆದು ದೊಡ್ಡವನಾದ ಮೇಲೆ, ಪದಕ ದೊರೆಯಿತು. ದಾಖಲೆಯಲ್ಲಿ ಅವನ ಹುದ್ದೆ ‘ಮಗು’ ಎಂದೇ ಇದೆ. ಹೆತ್ತ ತಾಯಿಗೆ ಇಲ್ಲ, ಹುಟ್ಟಿದ ಮಗುವಿಗೆ ಉಂಟು. ಪದಕವು ಅಲ್ಲಿದ್ದವರ ಲೆಕ್ಕವಲ್ಲ; ಲೆಕ್ಕಕ್ಕೆ ತೆಗೆದುಕೊಂಡವರ ಲೆಕ್ಕ.

ಆ ಪದಕದ ಅಂಚಿನಲ್ಲಿ ಸಾಮಾನ್ಯ ನಾವಿಕರ ಬರಿಯ ಹೆಸರಷ್ಟೇ ಇರುತ್ತದೆ. ಒಂದೇ ಹೆಸರಿನ ಹತ್ತು ನಾವಿಕರಿದ್ದರೆ ತಮ್ಮ ಅಜ್ಜ ಯಾರೆಂದು ಹುಡುಕಲು ಅಲ್ಲಿಯ ಮನೆತನದವರು ಲಂಡನ್ ಬಳಿಯ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಎ.ಡಿ.ಎಂ. 171’ ಎಂಬ ಸಾಲಿನ ಪದಕಪಟ್ಟಿಗಳನ್ನು ನೋಡಿ, ಹಡಗಿನ ಹಾಜರಿಪುಸ್ತಕದೊಡನೆ ತಾಳೆ ಹಾಕುತ್ತಾರೆ. ನಮ್ಮಲ್ಲಿಯೂ ಇದೇ ದಾರಿ. ಪದಕದಿಂದ ಪಟ್ಟಿಗೆ, ಪಟ್ಟಿಯಿಂದ ಸೇವಾಪತ್ರಕ್ಕೆ, ಸೇವಾಪತ್ರದಿಂದ ಹಡಗಿನ ಚರಿತ್ರೆಗೆ ನಡೆಯಬೇಕು.

ಅಣ್ಣತಮ್ಮಂದಿರು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿದರು. ಮುಂಬೈಯಲ್ಲಿರುವ ನೌಕಾದಳದ ನಾವಿಕರ ದಾಖಲೆ ಕಚೇರಿಗೆ ಪತ್ರ ಬರೆದರು. ಸೇವಾಸಂಖ್ಯೆ, ಹುದ್ದೆ, ಪದಕದ ಮೇಲಿರುವ ಹೆಸರಿನ ಅಕ್ಷರಕ್ಕೆ ಅಕ್ಷರ ಪ್ರತಿ, ತಾವು ವಾರಸುದಾರರೆಂಬುದಕ್ಕೆ ಆಧಾರ, ಇಷ್ಟನ್ನೂ ಲಗತ್ತಿಸಿದರು. ಹೆಸರಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ನಮ್ಮವರ ಹೆಸರನ್ನು ಇಂಗ್ಲಿಷ್ ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಅಡ್ಡಹೆಸರು ಬಿಟ್ಟುಹೋಗಿ ತಂದೆಯ ಹೆಸರೇ ಅಡ್ಡಹೆಸರಾಗಿರುತ್ತದೆ. ಮನೆಯಲ್ಲಿ ಕರೆಯುವ ಹೆಸರನ್ನು ಹುಡುಕಿದರೆ ಸಿಗದು. ಪದಕದ ಮೇಲಿರುವ ತಪ್ಪು ಕಾಗುಣಿತವನ್ನೇ ಹುಡುಕಬೇಕು.

ತಿಂಗಳುಗಳು ಕಳೆದ ಮೇಲೆ ಕೆಲವು ಹಾಳೆಗಳ ಪ್ರತಿ ಬಂದಿತು. ಅವನ್ನು ತೆಗೆದುಕೊಂಡು ಇಬ್ಬರೂ ಮತ್ತೆ ಬಂದರು. ಈ ಸಲ ಅವರ ಸೋದರತ್ತೆಯೂ ಜೊತೆಗಿದ್ದರು. ಅಜ್ಜನ ಮಕ್ಕಳಲ್ಲಿ ಉಳಿದವರು ಅವರೊಬ್ಬರೇ.

ಹಾಳೆಗಳ ಪ್ರಕಾರ ಅಜ್ಜ ನೌಕಾದಳ ಸೇರಿದ್ದು 1943ರಲ್ಲಿ. ಅಲ್ಲಿಗೆ 1942ರ ‘ಬೆಂಗಾಲ್’ ಕಥೆ ಮುಗಿಯಿತು. ತಮ್ಮ ತಾನಾಗಿಯೇ “ಕಲ್ಲು ಕೊರೆಸಿದ್ದರ ಏನಾಗತಿತ್ತು!” ಎಂದ. 1944ರಿಂದ 1945ರವರೆಗೆ ‘ನರ್ಬದಾ’ ಎಂಬ ಹಡಗು. ‘ಎಚ್.ಎಂ.ಐ.ಎಸ್.’ ಎಂಬ ಅಕ್ಷರಗಳಿದ್ದ ಮಾತ್ರಕ್ಕೆ ಅದು ಹಡಗೆಂದು ತಿಳಿಯಬಾರದು. ದಂಡೆಯ ಮೇಲಿನ ಶಾಲೆ, ಛಾವಣಿಗಳಿಗೂ ನೌಕಾದಳದಲ್ಲಿ ಹಡಗಿನಂತೆಯೇ ಹೆಸರಿಡುವ ಪದ್ಧತಿಯಿದೆ. ಮುಂಬೈಯ ‘ತಲ್ವಾರ್’ ಸಂಕೇತವಿದ್ಯೆಯ ಶಾಲೆ. ಕರಾಚಿಯ ‘ಬಹಾದುರ್’ ಹುಡುಗರನ್ನು ತರಬೇತು ಮಾಡುವ ಶಾಲೆ. ಅವು ಎಂದೂ ನೀರಿಗಿಳಿದವಲ್ಲ. ಆದರೆ ‘ನರ್ಬದಾ’ ನಿಜವಾದ ಹಡಗು, ನರ್ಮದಾ ನದಿಯ ಹೆಸರನ್ನು ಹೊತ್ತದ್ದು.

1945ರ ಜನವರಿಯಲ್ಲಿ ಬರ್ಮಾದ ಅರಾಕಾನ್ ಕರಾವಳಿಯಲ್ಲಿ ಭಾರತೀಯ ಮತ್ತು ಬ್ರಿಟಿಷ್ ಸೈನ್ಯಗಳು ಒಂದಾದ ಮೇಲೊಂದು ಕಡೆ ದಡಕ್ಕಿಳಿದವು. ಮೊದಲು ಅಕ್ಯಾಬ್ (ಇಂದಿನ ಸಿಟ್ವೆ), ಬಳಿಕ ಮಯೆಬೊನ್, ಆಮೇಲೆ ಕಾಂಗಾವ್. ಆ ಕರಾವಳಿ ಸಮುದ್ರತೀರವೆನ್ನುವುದಕ್ಕಿಂತ ಕೆಸರು, ಕಾಂಡ್ಲಾಗಿಡ, ಉಪ್ಪುನೀರಿನ ಸೀಳುಹೊಳೆಗಳ ಜಾಲ. ‘ನರ್ಬದಾ’ ಮತ್ತು ‘ಜಮ್ನಾ’ ಎಂಬ ನಮ್ಮ ಎರಡು ಹಡಗುಗಳು ಆ ಇಕ್ಕಟ್ಟಿನ ನೀರಿನಲ್ಲಿ ನಿಂತು, ದಡಕ್ಕಿಳಿಯುವವರಿಗೆ ತಮ್ಮ ತೋಪುಗಳಿಂದ ಬೆಂಬಲ ಕೊಟ್ಟವು. 1964ರಲ್ಲಿ ಪ್ರಕಟವಾದ, ಡಿ.ಜೆ.ಇ. ಕಾಲಿನ್ಸ್ ಬರೆದ ರಾಯಲ್ ಇಂಡಿಯನ್ ನೇವಿಯ ಅಧಿಕೃತ ಯುದ್ಧಚರಿತ್ರೆಯಲ್ಲಿ ಈ ಹಡಗುಗಳ ಕಾರ್ಯ ದಾಖಲಾಗಿದೆ. ಅಂಥ ಕಾಲುವೆಗಳಲ್ಲಿ ಹಡಗು ಒಂದು ಗಳಿಗೆ ಮುಂದೆ, ಒಂದು ಗಳಿಗೆ ಹಿಂದೆ ಸರಿಯಬೇಕಾದರೆ ಕೆಳಗಿನ ಉಗಿ ಕ್ಷಣಕ್ಷಣಕ್ಕೂ ಸಿದ್ಧವಿರಬೇಕು. ಅದು ಸ್ಟೋಕರನ ಪಾಲಿನ ಯುದ್ಧ. ಅಜ್ಜಿಯ ‘ಬಂಗಾಳದಾಗ’ ಎಂಬ ಮಾತು ಅಕ್ಷರಶಃ ನಿಜವಾಗಿತ್ತು. ನಾವೇ ಅದನ್ನು ದೊಡ್ಡದು ಮಾಡಹೋಗಿ ಸುಳ್ಳಾಗಿಸುತ್ತಿದ್ದೆವು.

ಕೊನೆಯ ಹಾಳೆಗೆ ಬಂದಾಗ ಅಣ್ಣ ತಲೆ ತಗ್ಗಿಸಿದ. 1946ರ ಆರಂಭದಲ್ಲಿ ಅಜ್ಜ ಮುಂಬೈಯ ಕ್ಯಾಸಲ್ ಬ್ಯಾರಕ್ಸಿನಲ್ಲಿದ್ದರು. ಅದೇ ವರ್ಷ ಬಿಡುಗಡೆ. ಕಾರಣದ ಅಂಕಣದಲ್ಲಿ ‘ಸೇವೆ ಇನ್ನು ಅಗತ್ಯವಿಲ್ಲ’ ಎಂಬರ್ಥದ ಇಂಗ್ಲಿಷ್ ಮಾತು. ಅಷ್ಟೇ.

1946ರ ಫೆಬ್ರುವರಿಯ ಆ ದಿನಗಳನ್ನು ಇಂದಿನ ಓದುಗರಿಗೆ ನೆನಪಿಸಬೇಕು. ಯುದ್ಧಕ್ಕೆ ಮುಂಚೆ ಎರಡು ಸಾವಿರವೂ ಇರದ ನಮ್ಮ ನೌಕಾದಳ ಯುದ್ಧದ ಕೊನೆಗೆ 25,000ಕ್ಕೂ ಮೇಲೆ ಬೆಳೆದಿತ್ತು. ನಾವಿಕರಿಗೆ ಸಂಬಳ ಕಡಿಮೆ, ಊಟ ಕೀಳು, ಮೇಲಿನಿಂದ ಜನಾಂಗನಿಂದೆಯ ಬೈಗುಳ. ಫೆಬ್ರುವರಿ 18ರಂದು ‘ತಲ್ವಾರ್’ ಶಾಲೆಯ ನಾವಿಕರು ಊಟವನ್ನು ಮುಟ್ಟದೆ ಎದ್ದರು. ಎರಡು ಮೂರು ದಿನಗಳಲ್ಲಿ ಅದು ಎಪ್ಪತ್ತಕ್ಕೂ ಹೆಚ್ಚು ಹಡಗುಗಳಿಗೆ, ಕರಾಚಿಯವರೆಗೆ ಹಬ್ಬಿತು. ಫೆಬ್ರುವರಿ 21ರಂದು ಇದೇ ಕ್ಯಾಸಲ್ ಬ್ಯಾರಕ್ಸಿನಲ್ಲಿ ಸೈನಿಕರಿಗೂ ನಾವಿಕರಿಗೂ ಗುಂಡಿನ ಕಾಳಗವೇ ನಡೆಯಿತು. ಬೀದಿಗಿಳಿದ ಮುಂಬೈಯ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸರದಾರ್ ಪಟೇಲರ ಸಲಹೆಯಂತೆ 23ರಂದು ನಾವಿಕರು ಶರಣಾದರು. ಅನಂತರ ನೂರಾರು ಮಂದಿಯನ್ನು ದಳದಿಂದ ಹೊರಹಾಕಲಾಯಿತು. ಸ್ವಾತಂತ್ರ್ಯ ಬಂದ ಮೇಲೂ ಅವರನ್ನು ಮರಳಿ ಸೇರಿಸಿಕೊಳ್ಳಲಿಲ್ಲ. ವರ್ಷಗಳ ತರುವಾಯ ಕೇಂದ್ರ ಸರ್ಕಾರ ಈ ಬಂಡಾಯವನ್ನು ಸ್ವಾತಂತ್ರ್ಯ ಹೋರಾಟದ ಭಾಗವೆಂದು ಒಪ್ಪಿ ಸ್ವಾತಂತ್ರ್ಯಯೋಧರ ಪಿಂಚಣಿಯ ಪಟ್ಟಿಗೆ ಸೇರಿಸಿತು.

ಇದನ್ನು ಕೇಳಿದೊಡನೆ ಅಣ್ಣನ ಅಳುಕು ಹೋಗಿ, ತಮ್ಮನ ಉತ್ಸಾಹ ಮರಳಿತು. “ಹಂಗಾದರ ಅಜ್ಜಾರು ಸ್ವಾತಂತ್ರ್ಯಯೋಧರು. ಅದನ್ನ ಕೊರೆಸೋಣು” ಎಂದ. ಮತ್ತೆ ತಡೆಯಬೇಕಾಯಿತು. ಯುದ್ಧ ಮುಗಿದ ಮೇಲೆ ಬಂಡಾಯಕ್ಕೂ ತಮಗೂ ಸಂಬಂಧವಿಲ್ಲದ ಸಾವಿರಾರು ನಾವಿಕರನ್ನು ಅದೇ ವರ್ಷ ಮನೆಗೆ ಕಳುಹಿಸಿದ್ದರು. ಹಾಳೆಯಲ್ಲಿ ಆರೋಪವಿಲ್ಲ, ವಿಚಾರಣೆಯಿಲ್ಲ, ಶಿಕ್ಷೆಯಿಲ್ಲ. ಅಜ್ಜ ಆ ಜಾಗದಲ್ಲಿ ಇದ್ದರೆಂಬುದು ಸಿದ್ಧವಾಯಿತು. ಏನು ಮಾಡಿದರೆಂಬುದು ಸಿದ್ಧವಾಗಲಿಲ್ಲ. ಕಳಂಕಕ್ಕೆ ಆಧಾರವಿಲ್ಲ, ಕೀರ್ತಿಗೂ ಅಷ್ಟೇ.

ಆಗ ಇಷ್ಟು ಹೊತ್ತು ಸುಮ್ಮನಿದ್ದ ಸೋದರತ್ತೆ ಬಾಯಿಬಿಟ್ಟರು. “ನಮ್ಮಪ್ಪ ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ. ಆದರ ಆಳಿನ ಮುಂದ ಹಳಸಿದ್ದು, ಕಲ್ಲು ಬಿದ್ದದ್ದು ಇಟ್ಟರ ಮಾತ್ರ ತಡೀತಿರಲಿಲ್ಲ. ತಮ್ಮ ಗಂಗಾಳ ಅವನ ಮುಂದ ಸರಿಸಿ, ಅವನದು ತಾವು ತಗೊಂತಿದ್ರು. ಏನೂ ಅಂತಿರಲಿಲ್ಲ. ಅವ್ವ ಅವತ್ತೆಲ್ಲಾ ಅಳತಿದ್ಲು.”

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇದು ಸಾಕ್ಷ್ಯವೇ? ಅಲ್ಲ. ಪತ್ರಾಗಾರದ ಯಾವ ಅಧಿಕಾರಿಯೂ ಇದನ್ನು ಒಪ್ಪಲಾರ, ನಾನೂ ಒಪ್ಪಲಾರೆ. ಆದರೆ ಸಾಕ್ಷ್ಯವಲ್ಲವೆಂದು ಬಿಸಾಡತಕ್ಕದ್ದೂ ಅಲ್ಲ. ಆ ಮನುಷ್ಯ ಯಾವುದನ್ನು ಕಂಡು ಬಂದಿದ್ದನೆಂದು ಅದು ಹೇಳದಿರಬಹುದು. ಎಂಥವನಾಗಿ ಬಂದಿದ್ದನೆಂದು ಹೇಳುತ್ತದೆ.

ಕೊನೆಗೆ ಆ ಮನೆಯವರು ಮಾಡಿದ್ದು ನನಗೆ ಮೆಚ್ಚಿಗೆಯಾಯಿತು. ಮೂರು ಬೇರೆಬೇರೆ ಹಾಳೆಗಳನ್ನು ಬರೆದರು. ಒಂದರ ಮೇಲೆ ‘ಪದಕ ಹೇಳಿದ್ದು’, ಎರಡನೆಯದರ ಮೇಲೆ ‘ಕಾಗದ ಹೇಳಿದ್ದು’, ಮೂರನೆಯದರ ಮೇಲೆ ‘ಮನೆ ಹೇಳಿದ್ದು’. ಒಂದರ ಮಾತು ಇನ್ನೊಂದರಲ್ಲಿ ಬೆರೆಯದಂತೆ ನೋಡಿಕೊಂಡರು. ‘ಬೆಂಗಾಲ್’ ಹಡಗಿನ ಕಥೆಯನ್ನೂ ಅಳಿಸಲಿಲ್ಲ. ಅದು ಹೇಗೆ ಹುಟ್ಟಿತು, ಏಕೆ ನಿಜವಲ್ಲ ಎಂಬುದನ್ನು ಮೂರನೆಯ ಹಾಳೆಯಲ್ಲಿ ತಮ್ಮನೇ ಬರೆದ. ಕಮಾನಿನ ಕಲ್ಲಿನ ಮೇಲೆ ಅಜ್ಜನ ಹೆಸರು, ಸ್ಟೋಕರ್ ಎಂಬ ಹುದ್ದೆ, ‘ನರ್ಬದಾ’ ಹಡಗು, ಬರ್ಮಾ ಕರಾವಳಿ, 1943–1946 ಎಂಬಷ್ಟೇ ಕೊರೆಸಿದರು. ವೀರ ಎಂಬ ಪದವಿಲ್ಲ. ಓದಿದವನು ತಾನೇ ಕೇಳಿ ತಿಳಿದುಕೊಳ್ಳಲಿ ಎಂದು ಅಣ್ಣ ಅಂದ. ಅವನ ಧ್ವನಿಯಲ್ಲಿ ಈಗ ಅಳುಕಿರಲಿಲ್ಲ. ಮರೆಮಾಚಲು ಏನೂ ಇಲ್ಲವೆಂದು ತಿಳಿದವನ ಧ್ವನಿ ಅದು.

‘ನರ್ಬದಾ’ದ ಮುಂದಿನ ಗತಿಯನ್ನೂ ಹೇಳಿಬಿಡುತ್ತೇನೆ. ದೇಶ ಒಡೆದಾಗ ಹಡಗುಗಳನ್ನೂ ಹಂಚಿಕೊಂಡರು. ‘ಜಮ್ನಾ’, ‘ಕಾವೇರಿ’ ಮುಂತಾದವು ನಮಗೆ ಬಂದವು. ‘ನರ್ಬದಾ’ ಮತ್ತು ‘ಗೋದಾವರಿ’ ಪಾಕಿಸ್ತಾನದ ಪಾಲಾದವು. ‘ನರ್ಬದಾ’ ಅಲ್ಲಿ ‘ಝೇಲಂ’ ಎಂಬ ಹೆಸರು ಪಡೆಯಿತು. ಅಜ್ಜ ಉರಿ ಕಾದ ಬಾಯ್ಲರನ್ನು ಆಮೇಲೆ ಕಾದವನು ಇನ್ನೊಂದು ದೇಶದ ನಾವಿಕ. ಅವನ ಮನೆಯಲ್ಲಿಯೂ ಇಂಥದೇ ಡಬ್ಬಿಯೊಂದು ಇದ್ದೀತು.

ಓದುಗರೆ, ನಿಮ್ಮ ಮನೆಯಲ್ಲಿ ಇಂಥ ಪದಕವಿದ್ದರೆ ಕೆಲವು ಮಾತು ನೆನಪಿಡಿ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿದಷ್ಟೂ ಅಂಚಿನ ಅಕ್ಷರ ಸವೆಯುತ್ತದೆ. ಪಟ್ಟಿಯನ್ನು ಬಿಸಿಲಿಗೆ ಹಾಕಬೇಡಿ, ಬಣ್ಣವೇ ಅದರ ಭಾಷೆ. ಸಂಖ್ಯೆ, ಹುದ್ದೆ, ಹೆಸರು, ದಳ ಇವನ್ನು ಇದ್ದ ಹಾಗೆಯೇ ಬರೆದಿಡಿ, ತಿದ್ದಬೇಡಿ. ಕಡಲಿನಲ್ಲಿಯೇ ಉಳಿದುಹೋದವರಾದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ. ಸಮುದ್ರವೇ ಸಮಾಧಿಯಾದ ರಾಯಲ್ ಇಂಡಿಯನ್ ನೇವಿಯ 400ಕ್ಕೂ ಹೆಚ್ಚು ನಾವಿಕರ ಮತ್ತು ಸುಮಾರು 6,000 ಭಾರತೀಯ ವ್ಯಾಪಾರನೌಕೆಯವರ ಹೆಸರುಗಳು ಮುಂಬೈ ಮತ್ತು ಚಿತ್ತಗಾಂಗುಗಳ ಸ್ಮರಣಗ್ರಂಥಗಳಲ್ಲಿವೆ. ಎಲ್ಲಕ್ಕಿಂತ ಮೊದಲು ಮನೆಯಲ್ಲಿರುವ ಹಿರಿಯರನ್ನು ಕೇಳಿ. ಕಾಗದ ಇನ್ನೂ ಹತ್ತು ವರ್ಷ ಕಾದೀತು. ಸೋದರತ್ತೆ ಕಾಯಲಾರರು.

ಹಿರಿಯರನ್ನು ದೊಡ್ಡವರನ್ನಾಗಿ ಮಾಡುವ ಹೊಣೆ ನಮ್ಮದಲ್ಲ. ಅವರು ಇದ್ದಂತೆ ಅವರನ್ನು ತಿಳಿಯುವ ಹೊಣೆ ಮಾತ್ರ ನಮ್ಮದು. ಅಷ್ಟು ಮಾಡಿದರೆ ಸಾಕು.